ಮಂಡಿ ಪೆಟ್ಟಿನ ನಂತರ ಬೆಟ್ಟ ಹತ್ತಿ ನೋಡುವುದು: ಚಾಮುಂಡಿ ಮೆಟ್ಟಿಲು ಸಾಕೇ, ಅಳೆಯುವುದು ಹೇಗೆ?

(ಚಾರಣಿಗರ ಪ್ರಶ್ನೋತ್ತರ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹುಣಸೂರು ರಸ್ತೆ

ಎಡ ಮಂಡಿ, ಒಳಬದಿಯ ಮೆನಿಸ್ಕಸ್ (ಕೀಲಿನ ನಡುವಿನ ಮೆತ್ತೆ) ಹರಿದಿತ್ತು. ಕೀಹೋಲ್ ಆಪರೇಷನ್‌ನಲ್ಲಿ ಹರಿದ ಚೂರನ್ನು ತೆಗೆದು ನಾಲ್ಕು ತಿಂಗಳಾಯಿತು, ಹೊಲಿಗೆ ಹಾಕಿಲ್ಲ. ವಯಸ್ಸು 41, ತೂಕ 78 ಕೆಜಿ. ಸಮತಟ್ಟಿನಲ್ಲಿ ಒಂದು ಗಂಟೆ ನಡೆದರೆ ಏನೂ ತೊಂದರೆ ಇಲ್ಲ. ಬೆಟ್ಟಕ್ಕೆ ಫಿಸಿಯೊ ಒಪ್ಪಿದ್ದಾರೆ, ನಿಧಾನ ಅಂದಿದ್ದಾರೆ. ಜನವರಿಯಲ್ಲಿ ಕುಕ್ಕೆ ಕಡೆಯಿಂದ ಕುಮಾರ ಪರ್ವತಕ್ಕೆ ಹೋಗುವ ಗುಂಪೊಂದಿದೆ. ಚಾಮುಂಡಿ ಬೆಟ್ಟದ 1008 ಮೆಟ್ಟಿಲು ಹತ್ತಿ ಇಳಿದರೆ ಪರೀಕ್ಷೆ ಆದ ಹಾಗೇನಾ? ಎಷ್ಟು ನಿಮಿಷದಲ್ಲಿ ಹತ್ತಿದರೆ ಪಾಸು?

ಪಾದದಿಂದ ತುದಿಗೆ

ನಿಮಿಷದ ಲೆಕ್ಕ ಬಿಡಿ ಸರ್. ಹತ್ತುವ ವೇಗ ಹೇಳುವುದು ಎದೆಯುಸಿರಿನ ವಿಷಯ, ಮಂಡಿಯದ್ದಲ್ಲ. ಪೆಟ್ಟು ಬಿದ್ದ ಮಂಡಿ ಹತ್ತುವಾಗ ಸಾಮಾನ್ಯವಾಗಿ ಸುಮ್ಮನಿರುತ್ತದೆ; ಇಳಿಯುವಾಗ ಬಾಯಿ ಬಿಡುತ್ತದೆ; ಫಲಿತಾಂಶ ಬರುವುದು ಮಾರನೇ ದಿನ ಬೆಳಿಗ್ಗೆ.

ಹಾಗಾಗಿ ಏರು ಮತ್ತು ಇಳಿತವನ್ನು ಬೇರೆ ಬೇರೆ ದಿನ ಪರೀಕ್ಷೆ ಮಾಡಿ. ಅದಕ್ಕೆ ಚಾಮುಂಡಿಯಷ್ಟು ಅನುಕೂಲದ ಜಾಗ ಸುತ್ತಮುತ್ತ ಇಲ್ಲ. ಮೇಲೆ ಬಸ್ಸಿದೆ (ಸಿಟಿ ಬಸ್ ಸ್ಟ್ಯಾಂಡಿನ 201), ಮೆಟ್ಟಿಲ ದಾರಿಯ ದೊಡ್ಡ ನಂದಿ ವಿಗ್ರಹದ ಹತ್ತಿರ ರಸ್ತೆ ಇದೆ. ಬುಡದಿಂದ ತುದಿಗೆ ಏರಿಕೆ 250ರಿಂದ 300 ಮೀಟರ್ ಆಸುಪಾಸು. ಹೀಗೆ ಮಾಡಿ:

ಮೊದಲ ಸಲ ಪಾದದಿಂದ ತುದಿಯವರೆಗೆ ಹತ್ತಿ, ಬಸ್ಸಿನಲ್ಲಿ ಇಳಿಯಿರಿ. 200 ಮೆಟ್ಟಿಲಿಗೊಮ್ಮೆ ಒಂದು ನಿಮಿಷ ನಿಲ್ಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ.

ಮೂರು ನಾಲ್ಕು ದಿನ ಬಿಟ್ಟು ಬಸ್ಸಿನಲ್ಲಿ ಮೇಲೆ ಹೋಗಿ, ಅಲ್ಲಿಂದ ನಂದಿಯವರೆಗೆ ಮಾತ್ರ ಇಳಿಯಿರಿ. ಸುಮಾರು 300 ಮೆಟ್ಟಿಲು. ಮತ್ತೆ ಅಷ್ಟನ್ನೇ ಹತ್ತಿ ಬಸ್ಸು ಹಿಡಿಯಿರಿ. ಮಧ್ಯದಲ್ಲಿ ಮಂಡಿ ಕೈಕೊಟ್ಟರೂ ವಾಪಸು ಹೋಗುವ ದಾರಿ ಏರು, ಅದೇ ಇದರ ಗುಟ್ಟು. ಬುಡದಿಂದ ಹತ್ತಿ ಹೋದವನಿಗೆ ತೊಂದರೆ ಬಂದರೆ ಇಳಿಯಲೇಬೇಕಾಗುತ್ತದೆ.

ಮೂರನೆಯದು ಬಸ್ಸಿನಲ್ಲಿ ಹತ್ತಿ, ಪೂರ್ತಿ ಇಳಿಯುವುದು. ನಾಲ್ಕನೆಯದರಲ್ಲಿ ಎರಡೂ ಒಟ್ಟಿಗೆ. ಇಳಿಯುವ ಸಮಯ ಹತ್ತಿದ ಸಮಯಕ್ಕಿಂತ ಕಡಿಮೆ ಆಗಬಾರದು. 40 ನಿಮಿಷದಲ್ಲಿ ಹತ್ತಿದವರು 20 ನಿಮಿಷದಲ್ಲಿ ಇಳಿದಿದ್ದರೆ ಅದು ಇಳಿದದ್ದಲ್ಲ, ಬಿದ್ದದ್ದು. ಪ್ರತಿ ಮೆಟ್ಟಿಲಿಗೂ ಕೀಲಿನ ಮೇಲೆ ಧಡ್ ಎಂದು ಕೂತಿರುತ್ತಾರೆ.

ಮಂಡಿ ಮಾಸ್ತರ

ಮೇಲಿನ ಕ್ರಮ ಸರಿ ಇದೆ. ಆದರೆ ಮೆಟ್ಟಿಲ ಬುಡಕ್ಕೆ ಹೋಗುವ ಮೊದಲು ಮನೆಯಲ್ಲೇ ಮಾಡಬೇಕಾದ್ದು ಇದೆ. ಇದರಲ್ಲಿ ಪಾಸಾಗದವರು ಬೆಟ್ಟಕ್ಕೆ ಹೋಗಬೇಡಿ.

ಮಂಡಿ ಪೂರ್ತಿ ನೇರ ಆಗುತ್ತದೆಯೇ ನೋಡಿ. ಅಂಗಾತ ಮಲಗಿ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಎರಡೂ ಕಾಲನ್ನು ಹೋಲಿಸಿ. ಪೆಟ್ಟಿನ ಕಾಲಿನ ಮಂಡಿಯ ಹಿಂದೆ ಜಾಸ್ತಿ ಸಂದು ಕಂಡರೆ ಇನ್ನೂ ನೇರವಾಗಿಲ್ಲ. ನೇರವಾಗದ ಮಂಡಿಯಲ್ಲಿ ತೊಡೆಯ ಮುಂಭಾಗದ ಸ್ನಾಯುವಿಗೆ ಬಿಡುವೇ ಸಿಗುವುದಿಲ್ಲ. ಬೆಟ್ಟದಲ್ಲಿ ಅರ್ಧ ದಾರಿಗೇ ಅದು ಸೋಲುತ್ತದೆ.

ಎರಡನೆಯದು ಮೆಟ್ಟಿಲಿಳಿತ. ಮನೆ ಮೆಟ್ಟಿಲು 15–18 ಸೆಂ.ಮೀ. ಇರುತ್ತದೆ. ಪೆಟ್ಟಿನ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಸೆಕೆಂಡಿನಲ್ಲಿ ಕೆಳಗಿನ ಮೆಟ್ಟಿಲಿಗೆ ಮುಟ್ಟಿಸಿ ಎತ್ತಿ. ಭಾರ ಬಿಡಬೇಡಿ, ಮುಟ್ಟಿಸಿದರೆ ಸಾಕು. 15 ಸಲ. ಮುಂದಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ. ಮಂಡಿ ಹೆಬ್ಬೆರಳನ್ನು ದಾಟಿ ಒಳಕ್ಕೆ ವಾಲುತ್ತಿದ್ದರೆ, ಸೊಂಟ ಒಂದು ಬದಿಗೆ ಕುಸಿಯುತ್ತಿದ್ದರೆ ಫೇಲು. ಅದು ಹೆಚ್ಚಾಗಿ ಪೃಷ್ಠದ ಪಕ್ಕದ ಸ್ನಾಯುವಿನ ದೋಷ, ಮಂಡಿಯ ವ್ಯಾಯಾಮ ಎಷ್ಟು ಮಾಡಿದರೂ ಸರಿಹೋಗದು.

ಊಟದ ಮೇಜಿನ ಕುರ್ಚಿಯಿಂದ ಒಂಟಿ ಕಾಲಲ್ಲಿ ಎದ್ದು ಕೂರುವುದು 10. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು 20–25. ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲುವುದು. ಒಳ್ಳೆಯ ಕಾಲಿನ ಲೆಕ್ಕದ ಶೇ 90 ಬಂದರೆ ಸರಿ. ಒಳ್ಳೆಯ ಕಾಲೂ ನಾಲ್ಕು ತಿಂಗಳಲ್ಲಿ ಸೊರಗಿರುತ್ತದೆ ಅನ್ನುವುದು ನೆನಪಿರಲಿ: ಎರಡೂ ಕಾಲು ಎಂಟೆಂಟು ಸಲ ಮಾಡಿ "ಸಮ ಇದೆ" ಅನ್ನುವವರಿದ್ದಾರೆ.

ಕಲ್ಲುಬಂಡೆ

ಮಾಸ್ತರೇ, ಜಿಮ್ಮಿನ ಟ್ರೆಡ್‌ಮಿಲ್‌ನಲ್ಲಿ 12–15ರ ಏರು (ಇನ್‌ಕ್ಲೈನ್) ಇಟ್ಟು ಒಂದು ಗಂಟೆ ನಡೆದರೆ ಬೆಟ್ಟಕ್ಕೆ ಸಮ ಅಲ್ವಾ? ಮಳೆಗಾಲದಲ್ಲಿ ಎಲ್ಲಿ ಹೋಗೋದು?

ಮಂಡಿ ಮಾಸ್ತರ

ಅಲ್ಲ. ಟ್ರೆಡ್‌ಮಿಲ್‌ನಲ್ಲಿ ಹತ್ತುವುದಷ್ಟೇ ಇದೆ, ಇಳಿಯುವುದಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಬ್ರೇಕ್ ಹಿಡಿದ ಹಾಗೆ. ಈ ಕೆಲಸ ರೂಢಿ ಇಲ್ಲದ ಸ್ನಾಯು ಮೊದಲ ಸಲ ಚೆನ್ನಾಗಿ ನೋಯುತ್ತದೆ, ಕೆಲವು ದಿನ ಬಿಟ್ಟು ಅದೇ ಇಳಿತ ಮಾಡಿದರೆ ನೋವು ಎಷ್ಟೋ ಕಡಿಮೆ. ಆ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಚಾರಣಕ್ಕೆ ಎರಡು ವಾರ ಮೊದಲು ಒಂದು ಒಳ್ಳೆಯ ಇಳಿತ ಮುಗಿಸಿರಬೇಕು ಅನ್ನುವುದು ಇದಕ್ಕೇ. ಮಳೆ ಇದ್ದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಬಳಸಿ: ಲಿಫ್ಟಿನಲ್ಲಿ ಹತ್ತಿ, ನಡೆದು ಇಳಿಯಿರಿ. ಐದು ಮಹಡಿಯನ್ನು ಮೂರು ಸಲದಿಂದ ಶುರು ಮಾಡಿ.

ಧಾರವಾಡದ ದಿಂಡಿ

ಎಲ್ಲಾ ಛಲೋ ಹೇಳೀರಿ. ಆದ್ರ ಮರುದಿನದ ಬ್ಯಾನಿ ಯಾವುದು ಸ್ನಾಯೂದು, ಯಾವುದು ಕೀಲಿಂದು ಅಂತ ಗೊತ್ತಾಗೂದು ಹ್ಯಾಂಗ್ರಿ? ಅಲ್ಲೇ ಮಂದಿ ತಪ್ಪೂದು. ತೊಡಿ ಹಿಡಕೊಂಡ್ರ ಹೆದರಿ ಮೂರು ವಾರ ಕುಂದರತಾರ, ಮಂಡಿ ಬಾತ್ರ "ಎಲ್ಲಾ ಹಿಂಗ ಆಗತೈತಿ" ಅಂತ ಮತ್ತ ಗುಡ್ಡಾ ಹತ್ತತಾರ.

ಮಂಡಿ ಮಾಸ್ತರ

ಒಳ್ಳೆಯ ಪ್ರಶ್ನೆ ರೀ. ಸ್ನಾಯು ನೋವು ಎರಡೂ ತೊಡೆಗೆ ಬರುತ್ತದೆ, ಅಂಗೈಯಷ್ಟು ಅಗಲ ಹರಡಿರುತ್ತದೆ, ಒತ್ತಿದರೆ ಸ್ನಾಯುವಿನ ಮಧ್ಯದಲ್ಲೇ ನೋಯುತ್ತದೆ. ಎರಡನೇ ದಿನ ಜಾಸ್ತಿ, ಮೂರು ನಾಲ್ಕು ದಿನದಲ್ಲಿ ಮಾಯ. ಕೀಲಿನ ನೋವು ಒಂದೇ ಬದಿ, ಒಂದು ಬೆರಳಲ್ಲಿ ತೋರಿಸಬಹುದು, ಜೊತೆಗೆ ಊತ ಇಲ್ಲವೇ ಬಿಗಿತ ಇರುತ್ತದೆ.

ಊತವನ್ನು ಕಣ್ಣಳತೆಗೆ ಬಿಡಬೇಡಿ. ದರ್ಜಿ ಟೇಪು ಸಾಕು. ಮಲಗಿ, ಕಾಲು ಚಾಚಿ, ಮಂಡಿಚಿಪ್ಪಿನ ನಟ್ಟನಡುವೆ ಸುತ್ತಳತೆ ತೆಗೆಯಿರಿ. ಹೋಗುವ ದಿನ ಬೆಳಿಗ್ಗೆ, ಬಂದ ಸಂಜೆ, ಮಾರನೇ ಬೆಳಿಗ್ಗೆ. ಟೇಪು ಪ್ರತಿ ಸಲ ಅದೇ ಜಾಗಕ್ಕೆ ಬರಲೆಂದು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಮಾರನೇ ಬೆಳಿಗ್ಗೆ ಒಂದು ಸೆಂಟಿಮೀಟರ್ ಅಥವಾ ಜಾಸ್ತಿ ಏರಿದ್ದರೆ ಹೊರೆ ಹೆಚ್ಚಾಯಿತು ಅಂತಲೇ ತಿಳಿಯಿರಿ, ನೋವು ಇರಲಿ ಬಿಡಲಿ.

ನೀರು ತುಂಬಿದೆಯೇ ನೋಡಲು ಇನ್ನೊಂದು ವಿಧಾನ. ಮಂಡಿಚಿಪ್ಪಿನ ಒಳಬದಿಯ ಗುಳಿಯನ್ನು ಅಂಗೈಯಲ್ಲಿ ಕೆಳಗಿನಿಂದ ಮೇಲಕ್ಕೆ ಎರಡು ಮೂರು ಸಲ ಸವರಿ ಖಾಲಿ ಮಾಡಿ. ಈಗ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿ. ಒಳಬದಿಯ ಗುಳಿಯಲ್ಲಿ ಸಣ್ಣ ಅಲೆಯ ಹಾಗೆ ಉಬ್ಬಿದರೆ ಒಳಗೆ ನೀರಿದೆ. ನೀರು ಇದ್ದಷ್ಟು ದಿನ ತೊಡೆ ಸ್ನಾಯು ಪೂರ್ತಿ ಎಚ್ಚರಗೊಳ್ಳುವುದಿಲ್ಲ, ನರಗಳೇ ಅದನ್ನು ಕಟ್ಟಿ ಹಾಕುತ್ತವೆ. "ಮಂಡಿ ಇದ್ದಕ್ಕಿದ್ದಂತೆ ಜಾರಿತು" ಎನ್ನುವವರಲ್ಲಿ ಎಷ್ಟೋ ಮಂದಿಗೆ ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ನಾರು) ಸರಿ ಇರುತ್ತದೆ, ಕಾರಣ ಇದು.

ನೋವಿನ ಅಂಕ ಹತ್ತಕ್ಕೆ ಎರಡು ಮೂರು ಇದ್ದು, 24 ಗಂಟೆಯಲ್ಲಿ ಹಳೆ ಮಟ್ಟಕ್ಕೆ ಇಳಿದರೆ ಮುಂದಿನ ಹಂತಕ್ಕೆ ಹೋಗಿ. ಅದಕ್ಕಿಂತ ಜಾಸ್ತಿ ಆದರೆ ಹಿಂದಿನ ಹಂತಕ್ಕೆ.

ಸರ್ಪದಾರಿ

ಎಲ್ಲಿ ನೋಯುತ್ತದೆ ಅನ್ನುವುದನ್ನೂ ಬರೆದಿಡಿ, ಡಾಕ್ಟರಿಗೆ ಅದೇ ಬೇಕು. ಚಿಪ್ಪಿನ ಹಿಂದೆ, ಮುಂಭಾಗದಲ್ಲಿ ಮಂದ ನೋವು, ಇಳಿಯುವಾಗ ಮತ್ತು ಬಹಳ ಹೊತ್ತು ಮಡಚಿ ಕೂತಾಗ ಜಾಸ್ತಿ: ಚಿಪ್ಪಿನ ಹೊರೆ. ಮಂಡಿಯ ಹೊರಬದಿಯಲ್ಲಿ, ಹತ್ತುವಾಗ ಏನೂ ಇಲ್ಲದೆ ಇಳಿಯಲು ಶುರು ಮಾಡಿ ಸ್ವಲ್ಪ ಹೊತ್ತಿಗೆ ಚುಚ್ಚುವುದು: ಸೊಂಟದಿಂದ ತೊಡೆಯ ಹೊರಬದಿಯಲ್ಲಿ ಇಳಿದು ಬರುವ ಪಟ್ಟಿ ಕೆರಳಿದೆ, ಹಳೆ ಪೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲದಿರಬಹುದು. ಕೀಲಿನ ಗೆರೆಯ ಮೇಲೆ, ಕಾಲು ಊರಿ ತಿರುಗಿದಾಗ ಚಳಕ್ ಎನ್ನುವುದು: ಮೆನಿಸ್ಕಸ್.

ಈ ಕೆಳಗಿನವು ಬಂದರೆ ಪರೀಕ್ಷೆ ಅಲ್ಲಿಗೆ ನಿಲ್ಲಬೇಕು, ಡಾಕ್ಟರ್ ಹತ್ತಿರ ಹೋಗಬೇಕು. ಮಂಡಿ ಮಡಚಿದ ಕಡೆಯೇ ಸಿಕ್ಕಿಕೊಂಡು ನೇರವಾಗದಿರುವುದು. ಒಂದೆರಡು ಗಂಟೆಯೊಳಗೆ ಬುಸ್ಸನೆ ಊದಿಕೊಳ್ಳುವುದು (ಒಳಗೆ ರಕ್ತ ಸೇರಿರಬಹುದು). ಮೀನಖಂಡ ಬಿಗಿದು ಊದಿ ಬಿಸಿಯಾಗುವುದು. ಆಪರೇಷನ್ ಆದವರಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುವುದರಿಂದ ಅದೇ ದಿನ ಹೋಗಬೇಕು, ಉಜ್ಜಿ ಮಾಲೀಸು ಮಾಡಲೇಬಾರದು. ಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯಾದರೂ ಅದೇ ದಿನ.

ಕಲ್ಲುಬಂಡೆ

ಹೊರಡುವ ಮುಂಚೆ ಒಂದು ನೋವಿನ ಮಾತ್ರೆ ನುಂಗಿ, ನೀಕ್ಯಾಪ್ (ಮಂಡಿಗೆ ಹಾಕುವ ಎಲಾಸ್ಟಿಕ್ ಚೀಲ) ಹಾಕಿ, ಎರಡು ಪೋಲ್ (ಚಾರಣದ ಕೋಲು) ಹಿಡಿದರೆ ಆರಾಮ ಅಲ್ವಾ ಗುರುಗಳೇ?

ಪಾದದಿಂದ ತುದಿಗೆ

ಮೂರಕ್ಕೂ ಬೇರೆ ಬೇರೆ ಉತ್ತರ.

ಮಾತ್ರೆ ಬೇಡ. ಅಳೆಯಲು ಹೋಗುತ್ತಿರುವುದು ನೋವನ್ನು, ಅದನ್ನೇ ಮುಚ್ಚಿಟ್ಟು ಏನು ನೋಡುತ್ತೀರಿ? ಬೆವರಿ ನೀರಾರಿದ ದೇಹಕ್ಕೆ ಡೈಕ್ಲೊಫೆನಾಕ್ ಥರದ ಮಾತ್ರೆ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಸ್ಪ್ರೇ, ಮುಲಾಮು ಕೂಡ ವಾಪಸು ಬಂದ ಮೇಲೆ.

ನೀಕ್ಯಾಪ್ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ, ಅಷ್ಟೇ. ಭಾರ ಹೊರುವುದಿಲ್ಲ. ಬಿಗಿಯಾದರೆ ಮಂಡಿಯ ಹಿಂದೆ ಮಡಿಕೆ ಬಿದ್ದು ಮೀನಖಂಡ ಊದುತ್ತದೆ. ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಪಕ್ಕದಲ್ಲಿ ಲೋಹದ ಕೀಲು ಇರುವ ಬ್ರೇಸ್ ಬೇರೆ ವಸ್ತು, ಅದು ಲಿಗಮೆಂಟ್ ಪೆಟ್ಟಿನವರಿಗೆ, ಡಾಕ್ಟರ್ ಹೇಳಿದರೆ ಮಾತ್ರ.

ಪೋಲ್ ನಿಜವಾಗಿಯೂ ಕೆಲಸ ಮಾಡುತ್ತದೆ, ಬಳಸಲು ಬಂದರೆ. ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಬರುವ ಉದ್ದ. ಹತ್ತುವಾಗ ಐದಾರು ಸೆಂ.ಮೀ. ಕಡಿಮೆ, ಇಳಿಯುವಾಗ ಐದರಿಂದ ಹತ್ತು ಸೆಂ.ಮೀ. ಜಾಸ್ತಿ. ಇಳಿಯುವಾಗ ಮೊದಲು ಎರಡೂ ಪೋಲ್ ಕೆಳಗಿನ ಮೆಟ್ಟಿಲಿಗೆ, ಆಮೇಲೆ ಕಾಲು. ಜನ ಮಾಡುವುದು ಉಲ್ಟಾ: ಕಾಲು ಇಟ್ಟಾದ ಮೇಲೆ ಪೋಲ್ ಊರುತ್ತಾರೆ, ಆಗ ಅದು ಬರೀ ಅಲಂಕಾರ. ಒಂದೇ ಕೋಲಿದ್ದರೆ ಪೆಟ್ಟಿನ ಕಾಲಿನ ಎದುರು ಕೈಯಲ್ಲಿ. ನಿಮ್ಮದು ಎಡ ಮಂಡಿ, ಕೋಲು ಬಲಗೈಗೆ.

ಘಟ್ಟದ ಹಾದಿ

ಪೋಲ್ ವಿಷಯದಲ್ಲಿ ಒಂದು ತಕರಾರು. ಚಾಮುಂಡಿಯಲ್ಲಿ ಪೋಲ್ ಹಿಡಿದು ಇಳಿದರೆ ಪರೀಕ್ಷೆ ಸುಳ್ಳಾಗುತ್ತದೆ. ಮೂರನೇ ಹಂತದವರೆಗೆ ಪೋಲ್ ಇಲ್ಲದೆ ಮಾಡಿ, ಬೇಕಿದ್ದರೆ ಚೀಲದಲ್ಲಿ ಇರಲಿ. ಕುಮಾರ ಪರ್ವತಕ್ಕೆ ಬೇಕಾದರೆ ನಾಲ್ಕು ಪೋಲ್ ಹಿಡಿಯಿರಿ.

ಪಾದದಿಂದ ತುದಿಗೆ

ಒಪ್ಪಲಾರೆ. ಜನವರಿಯಲ್ಲಿ ಪೋಲ್ ಹಿಡಿದೇ ಇಳಿಯುವವರು ಈಗಲೂ ಹಾಗೇ ಇಳಿಯಲಿ, ಆ ಜೋಡಿಯನ್ನೇ ಪರೀಕ್ಷೆ ಮಾಡಬೇಕು. ಮಂಡಿಯ ಬಲ ನೋಡಲು ಮಾಸ್ತರು ಹೇಳಿದ ಮನೆ ಪರೀಕ್ಷೆ ಇದೆಯಲ್ಲ, ಅಲ್ಲಿ ಪೋಲ್ ಇಲ್ಲ. ಆದರೆ ಪೋಲ್ ಮೇಲೆ ಎಷ್ಟು ಭಾರ ಬಿಡುತ್ತಿದ್ದೀರಿ ಎನ್ನುವ ಗಮನ ಇರಲಿ. ಅಂಗೈ ನೋಯುವಷ್ಟು ಒತ್ತುತ್ತಿದ್ದರೆ ಮಂಡಿ ಇನ್ನೂ ತಯಾರಾಗಿಲ್ಲ.

ಹುಣಸೂರು ರಸ್ತೆ

ಎಲ್ಲರಿಗೂ ಧನ್ಯವಾದ. ಹೆಜ್ಜೆ ಇಡುವ ಕ್ರಮದ ಬಗ್ಗೆ ಸ್ವಲ್ಪ ಹೇಳಿ. ಆಮೇಲೆ ಚಾಮುಂಡಿ ಪಾಸಾದರೆ ನೇರ ಕುಮಾರ ಪರ್ವತಕ್ಕೆ ಹೋಗಬಹುದಾ?

ಸರ್ಪದಾರಿ

ಹೆಜ್ಜೆ: ನೋವು ಇದ್ದಾಗ ಹತ್ತಲು ಒಳ್ಳೆಯ ಕಾಲು ಮೊದಲು, ಇಳಿಯಲು ಪೆಟ್ಟಿನ ಕಾಲು ಮೊದಲು. ಇಳಿಯುವಾಗ ಕೆಲಸ ಮಾಡುವುದು ಮೇಲೆ ಉಳಿದ ಕಾಲು, ಅದು ಗಟ್ಟಿ ಕಾಲಾಗಿರಬೇಕು. ಆದರೆ ಪರೀಕ್ಷೆಯಲ್ಲಿ ಹೀಗೇ ಪೂರ್ತಿ ಇಳಿದರೆ ಪರೀಕ್ಷೆಯಾಗಿದ್ದು ಒಳ್ಳೆಯ ಕಾಲಿಗೆ! ಪರ್ಯಾಯ ಹೆಜ್ಜೆಯಲ್ಲಿ ಇಳಿಯಿರಿ, ಈ ಕ್ರಮ ತುರ್ತಿಗೆ ಮಾತ್ರ. ಇಡೀ ಪಾದ ಮೆಟ್ಟಿಲ ಮೇಲೆ ಬರಲಿ, ಮೈ ತುಸು ಮುಂದಕ್ಕೆ ಇರಲಿ. ಹೆದರಿ ಹಿಂದಕ್ಕೆ ವಾಲಿದಷ್ಟೂ ಜಾರುವುದು ಜಾಸ್ತಿ, ಚಿಪ್ಪಿನ ಮೇಲಿನ ಒತ್ತಡವೂ ಜಾಸ್ತಿ.

ಚಾಮುಂಡಿ ಮೆಟ್ಟಿಲಲ್ಲಿ ಇನ್ನೊಂದು. ಹರಕೆಯವರು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾರೆ. ಮಂಗಳವಾರ, ಶುಕ್ರವಾರ, ಮುಖ್ಯವಾಗಿ ಆಷಾಢದಲ್ಲಿ ಅದು ನೀರು ಬಿದ್ದು ಜಾರುತ್ತದೆ. ಆಷಾಢ ಶುಕ್ರವಾರದ ನೂಕುನುಗ್ಗಲಲ್ಲಂತೂ ನಿಮ್ಮ ವೇಗ ನಿಮ್ಮ ಕೈಯಲ್ಲಿರುವುದಿಲ್ಲ. ವಾರದ ಮಧ್ಯೆ, ಬೆಳಿಗ್ಗೆ ಆರೂವರೆ ಒಳಗೆ ಶುರು ಮಾಡಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಕೋತಿ ಎಳೆದಾಗ ಗಕ್ಕನೆ ತಿರುಗುವುದೇ ಮೆನಿಸ್ಕಸ್‌ಗೆ ಆಗದ್ದು.

ಘಟ್ಟದ ಹಾದಿ

ಎರಡನೇ ಪ್ರಶ್ನೆಗೆ: ಇಲ್ಲ. ಕುಮಾರ ಪರ್ವತ 1712 ಮೀಟರ್, ಕುಕ್ಕೆ ಘಟ್ಟದ ಬುಡದಲ್ಲಿದೆ. ಇಳಿತ ಒಂದೂವರೆ ಸಾವಿರ ಮೀಟರಿಗೂ ಮೇಲೆ. ಅಂದರೆ ಬಿಡುವಿಲ್ಲದೆ ಐದಾರು ಚಾಮುಂಡಿ ಇಳಿದಷ್ಟು, ಅದೂ ಬೇರು, ಉರುಳುಕಲ್ಲು, ಬಂಡೆ ಹಾಸಿನ ಮೇಲೆ. ದಾರಿ ನಡುವಿನ ಗಿರಿಗದ್ದೆಯಿಂದ ಕೆಳಗಿನ ಕಾಡಿನ ಇಳುಕಲು ಬರುವ ಹೊತ್ತಿಗೆ ಎಲ್ಲರ ತೊಡೆಯೂ ದಣಿದಿರುತ್ತದೆ, ಅಲ್ಲಿ ವಾಹನವೂ ಇಲ್ಲ.

ಮೆಟ್ಟಿಲು ಒಂದು ಬಗೆಯ ಪರೀಕ್ಷೆ: ಮಂಡಿ ಎಷ್ಟು ಮಡಚಬೇಕು ಎಂದು ಮೆಟ್ಟಿಲ ಎತ್ತರವೇ ನಿರ್ಧರಿಸುತ್ತದೆ, ತಪ್ಪಿಸಿಕೊಳ್ಳಲು ಆಗದು. ಕಾಲುದಾರಿಯಲ್ಲಿ ಸಣ್ಣ ಹೆಜ್ಜೆ ಹಾಕಿ ಮಡಿಕೆ ಕಡಿಮೆ ಮಾಡಬಹುದು, ಆದರೆ ಪ್ರತಿ ಹೆಜ್ಜೆಗೂ ತಿರುಚು. ಮೆಟ್ಟಿಲು ಅದನ್ನು ನೋಡುವುದೇ ಇಲ್ಲ. ಹಾಗಾಗಿ ನಡುವೆ ಒಂದು ಕಾಲುದಾರಿ ಬೇಕು. ಮುಳ್ಳಯ್ಯನಗಿರಿಯ ಸರ್ಪದಾರಿ ಒಳ್ಳೆಯದು, ತುದಿ (1930 ಮೀಟರ್) ಹತ್ತಿರದವರೆಗೆ ರಸ್ತೆ ಇರುವುದರಿಂದ ಅಲ್ಲೂ ಏರು ಇಳಿತ ಬೇರೆ ಮಾಡಬಹುದು. ಕೊಡಗಿನ ತಡಿಯಂಡಮೋಳ್ (1748 ಮೀಟರ್) ಆಮೇಲೆ: ಮೊದಲರ್ಧ ಜೀಪು ದಾರಿ, ಕೊನೆಯದು ಕಡಿದು. ಬೆಂಗಳೂರಿನವರು ನಂದಿ ಬೆಟ್ಟದ ಮೆಟ್ಟಿಲಲ್ಲಿ ಚಾಮುಂಡಿ ಕ್ರಮವನ್ನೇ ಮಾಡಬಹುದು. ಸಾವನದುರ್ಗದ ಬಂಡೆ, ಸ್ಕಂದಗಿರಿಯ ಸಡಿಲ ಜಲ್ಲಿ ಈ ಹಂತದಲ್ಲಿ ಬೇಡ.

ಗುಂಪಿನವರು ಒಪ್ಪಿದರೆ ಸೋಮವಾರಪೇಟೆ ಬದಿಯ ಬೀಡಹಳ್ಳಿಯಿಂದ ಹತ್ತಿ ಅಲ್ಲೇ ಇಳಿಯಿರಿ. ಶಿಖರ ಅದೇ, ಇಳಿತ ಸುಮಾರು ಅರ್ಧ. ನನ್ನ ಮತ ಕೇಳಿದರೆ ಮೊದಲ ವರ್ಷ ಅದೇ ಸರಿ. ಹೊರೆ ದೇಹದ ತೂಕದ ಹತ್ತನೇ ಒಂದು ಪಾಲು ಮೀರಬಾರದು, ನಿಮಗೆ ನೀರೂ ಸೇರಿ ಎಂಟು ಕೆಜಿಯೊಳಗೆ. ಆ ಚೀಲವನ್ನು ಚಾಮುಂಡಿಯ ನಾಲ್ಕನೇ ಹಂತ ಪಾಸಾದ ಮೇಲೆ ಮಾತ್ರ ಬೆನ್ನಿಗೆ ಹಾಕಿ. ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ: ಎತ್ತರ, ಇಲ್ಲವೇ ಭಾರ, ಇಲ್ಲವೇ ನೆಲ.

ಧಾರವಾಡದ ದಿಂಡಿ

ನಮ್ಮ ಕಾಕಾರಿಗೆ ಎಸಿಎಲ್ (ಮಂಡಿ ಒಳಗಿನ ಮುಂದಿನ ಲಿಗಮೆಂಟ್) ಆಪರೇಷನ್ ಆಗಿ ಐದು ತಿಂಗಳಾತು. ಅವರಿಗೂ ಇದ ಕ್ರಮ ಏನ್ರಿ? ಶ್ರವಣಬೆಳಗೊಳಕ್ಕ ಹೋಗಬೇಕಂತ ಕುಂತಾರ.

ಮಂಡಿ ಮಾಸ್ತರ

ಅಲ್ಲ ರೀ. ಕೂರಿಸಿದ ಹೊಸ ಎಸಿಎಲ್ ಜೀವ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಮೊದಲ ಕೆಲವು ತಿಂಗಳು ಅದು ಹಾಕಿದ ದಿನಕ್ಕಿಂತಲೂ ಮೆತ್ತಗಾಗಿರುತ್ತದೆ, ಆದರೆ ನೋವು ಮಾತ್ರ ಅಷ್ಟರಲ್ಲೇ ಹೋಗಿರುತ್ತದೆ. ಹಾಗಾಗಿ ಅವರಿಗೆ ನೋವಿನ ಅಂಕ ನಂಬುವ ಸಾಧನವಲ್ಲ. ತಿರುಗುವ, ಜಿಗಿಯುವ ಆಟಗಳಿಗೆ ಒಂಬತ್ತು ತಿಂಗಳಿಗೆ ಮೊದಲು ಬಿಡುವುದಿಲ್ಲ. ಕಂಬಿ ಇರುವ ಮೆಟ್ಟಿಲು ಸರ್ಜನ್ ಒಪ್ಪಿದರೆ ಬೇಗ ಆಗಬಹುದು, ಉರುಳುಕಲ್ಲಿನ ದಾರಿ ಬೇಡ. ಮೆನಿಸ್ಕಸ್‌ಗೆ ಹೊಲಿಗೆ ಹಾಕಿಸಿಕೊಂಡವರದ್ದೂ ಬೇರೆ ಲೆಕ್ಕ: ಭಾರ ಹೊತ್ತು 90 ಡಿಗ್ರಿ ಮೀರಿ ಮಡಚುವುದು ತಿಂಗಳುಗಟ್ಟಲೆ ನಿಷಿದ್ಧ, ಎತ್ತರದ ಮೆಟ್ಟಿಲು ಅಲ್ಲಿಗೇ ತರುತ್ತದೆ. ಪಿಸಿಎಲ್ (ಮಂಡಿಯೊಳಗಿನ ಹಿಂದಿನ ಲಿಗಮೆಂಟ್) ಪೆಟ್ಟಿನವರಿಗೆ ಇಳಿತವೇ ವಿಷ.

ಶ್ರವಣಬೆಳಗೊಳದ ವಿಂಧ್ಯಗಿರಿ ಬರಿಗಾಲು, ಬಂಡೆಯಲ್ಲಿ ಕೊರೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಸವೆದು ನುಣುಪಾಗಿವೆ. ಬಿಸಿಲೇರಿದ ಮೇಲೆ ಕಾಲು ಸುಟ್ಟು ಜನ ಓಡುತ್ತಾರೆ. ಕಾಲುಚೀಲ ಹಾಕಿದರೆ ಜಾರುತ್ತದೆ. ದರ್ಶನಕ್ಕೆ ಹೋಗುವುದಾದರೆ ಬೆಳಿಗ್ಗೆ ಬೇಗ, ಕಂಬಿ ಹಿಡಿದು, ಸರ್ಜನ್ ಕೇಳಿ. ಪರೀಕ್ಷೆಗೆ ಆ ಜಾಗ ಅಲ್ಲ.

ಕಲ್ಲುಬಂಡೆ

ಶೂ?

ಸರ್ಪದಾರಿ

ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬೇಕು, ಇಲ್ಲವಾದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ನೋವು ತಪ್ಪಿಸಲು ಪಾದ ಓರೆ ಇಡುತ್ತೀರಿ, ಅದರ ಪೆಟ್ಟು ಮಂಡಿಗೆ. ಇಳಿಯುವ ಮುಂಚೆ ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಮೇಲಿನ ಎರಡು ತೂತಿನ ಲೇಸು ಬಿಗಿಯಾಗಿ ಕಟ್ಟಿ. ಹೊಸ ಶೂ ಪರೀಕ್ಷೆಯ ದಿನ ಬೇಡ.

ಹುಣಸೂರು ರಸ್ತೆ

ಕೊನೆಗೊಂದು. ಇಳಿದ ತಕ್ಷಣ ಏನು ಮಾಡಬೇಕು? ಐಸಾ, ಬಿಸಿನೀರಾ?

ಮಂಡಿ ಮಾಸ್ತರ

ಮೊದಲು ಹತ್ತು ನಿಮಿಷ ಸಮತಟ್ಟಿನಲ್ಲಿ ನಡೆಯಿರಿ, ಆಮೇಲೆ ಬಸ್ಸು, ಕಾರು. ಮಂಡಿ ಬಿಸಿ ಅನ್ನಿಸಿದರೆ ಬಟ್ಟೆಯಲ್ಲಿ ಸುತ್ತಿದ ಐಸು 15 ನಿಮಿಷ. ಊತ ಇರುವಾಗ ಬಿಸಿನೀರು ಬೇಡ, ತೊಡೆ ನೋವಿಗೆ ಮಾರನೇ ದಿನ ಹಾಕಿಕೊಳ್ಳಬಹುದು. ಅವತ್ತು ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಡಿ, ಕುಕ್ಕರಗಾಲೂ ಬೇಡ: ದಣಿದ ಸ್ನಾಯು ಕೀಲನ್ನು ಕಾಯದ ಹೊತ್ತಿನಲ್ಲಿ ಪೂರ್ತಿ ಮಡಚಿ ಎದ್ದಾಗಲೇ ಉಳಿದ ಮೆನಿಸ್ಕಸ್ ಹಿಂಬದಿಯಲ್ಲಿ ಸಿಕ್ಕಿಕೊಳ್ಳುವುದು. ಕುರ್ಚಿ ಸಿಗದಿದ್ದರೆ ಜಗಲಿ ಅಂಚಿನಲ್ಲಿ ಕಾಲು ಚಾಚಿ ಕೂತು ಊಟ ಮಾಡಿ.